ಹೊಳೆಯ ಮರಿಮೀನಿನ ಲೆಕ್ಕ ಯಾರ ಕೆಲಸ?

(ಬಿ.ಎ. ಅಂತಿಮ ವರ್ಷದ ವಿದ್ಯಾರ್ಥಿ, ಮಸೂತಿ)

ಆಲಮಟ್ಟಿಯ ಜಲಾಶಯದಲ್ಲಿ ಇಂದು ಎಷ್ಟು ನೀರಿದೆ ಎಂಬುದನ್ನು ತಿಳಿಯಲು ನಮ್ಮ ಜಿಲ್ಲೆಯಲ್ಲಿ ಯಾರೂ ಕಷ್ಟಪಡಬೇಕಾಗಿಲ್ಲ. ಮಳೆಗಾಲ ಬಂತೆಂದರೆ ದಿನಪತ್ರಿಕೆಯ ಒಂದು ಮೂಲೆಯಲ್ಲಿ ಅದು ಅಚ್ಚಾಗಿರುತ್ತದೆ. ಇಂದಿನ ಮಟ್ಟ ಇಷ್ಟು ಮೀಟರು, ಒಳಹರಿವು ಇಷ್ಟು ಕ್ಯೂಸೆಕ್ಸು, ಹೊರಹರಿವು ಇಷ್ಟು. ಪೂರ್ಣಮಟ್ಟ 519.60 ಮೀಟರು, ತುಂಬಿದಾಗ 123 ಟಿ.ಎಂ.ಸಿ. ಎಂಬುದು ಚಹದಂಗಡಿಯ ಕಟ್ಟೆಯ ಮೇಲೆ ಕೂತ ಮುದುಕರಿಗೂ ಬಾಯಿಪಾಠವಾಗಿದೆ. ಈ ಲೆಕ್ಕದ ಸಲುವಾಗಿ ಎರಡು ನ್ಯಾಯಾಧಿಕರಣಗಳು ಕೂತವು. ಎರಡನೆಯದು 2010 ರಲ್ಲಿ ಅಣೆಕಟ್ಟಿನ ನೀರನ್ನು 524.256 ಮೀಟರಿನವರೆಗೆ ನಿಲ್ಲಿಸಬಹುದೆಂದು ಹೇಳಿತು. ಆ ಮೂರನೆಯ ದಶಾಂಶವನ್ನೂ ಬಿಡದೆ ನಮ್ಮ ಜನ ಉಚ್ಚರಿಸುತ್ತಾರೆ. ನೀರಿನ ವಿಷಯದಲ್ಲಿ ಇಷ್ಟು ಕಟ್ಟುನಿಟ್ಟಾಗಿರುವ ನಾವು, ಆ ನೀರಿನೊಳಗೆ ಹುಟ್ಟಿ ಬೆಳೆಯುವ ಜೀವಗಳ ವಿಷಯ ಬಂದಾಗ ಮಾತ್ರ "ಮೊದಲಿನಷ್ಟು ಮೀನು ಈಗ ಇಲ್ಲ" ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತೇವೆ. ಮೊದಲು ಎಷ್ಟಿತ್ತು? ಈಗ ಎಷ್ಟಿದೆ? ಎಷ್ಟು ಮರಿ ಈ ವರ್ಷ ಹೊಳೆಯಲ್ಲಿಯೇ ಹುಟ್ಟಿತು? ಈ ಪ್ರಶ್ನೆಗಳಿಗೆ ಉತ್ತರ ಹುಡುಕುವದು ನಮ್ಮಂಥ ಕಲಾ ವಿಭಾಗದ ವಿದ್ಯಾರ್ಥಿಗಳ ಕೆಲಸವೂ ಹೌದು ಎಂದು ನನ್ನ ಅಭಿಪ್ರಾಯ. ಇದನ್ನು ಕೇಳಿ ನನ್ನ ಸಹಪಾಠಿಗಳು ಈಗಾಗಲೇ ಒಮ್ಮೆ ನಕ್ಕಿದ್ದಾರೆ. ಇನ್ನೊಮ್ಮೆ ನಕ್ಕರೂ ಚಿಂತೆಯಿಲ್ಲ, ಕೊನೆಯವರೆಗೆ ಓದಿದರೆ ಸಾಕು.

ನನಗೆ ಈ ಹುಚ್ಚು ಹತ್ತಿದ ಬಗೆಯನ್ನು ಹೇಳಬೇಕು. ನಮ್ಮ ಊರು ಮಸೂತಿ ಹೊಳೆಯ ದಂಡೆಯ ಊರಲ್ಲ, ಎರೆಹೊಲದ ಊರು. ಆದರೆ ನನ್ನ ಸೋದರಮಾವ ಇರುವದು ಕೊಲ್ಹಾರದ ಕಡೆ, ಹಿನ್ನೀರಿನ ಅಂಚಿನಲ್ಲಿ. ಅವನ ಮನೆತನ ಮೊದಲಿನಿಂದಲೂ ಹೊಳೆಯನ್ನೇ ನಂಬಿದ್ದು. ಹಳೆಯ ಕೊಲ್ಹಾರ ನೀರಿನಲ್ಲಿ ಮುಳುಗಿದ ಮೇಲೆ ಊರು ಮೇಲಕ್ಕೆ ಬಂತು, ಬಲೆ ಮಾತ್ರ ಕೆಳಗೇ ಉಳಿಯಿತು. ನಾನು ಬಿ.ಎ. ಮೊದಲ ವರ್ಷ ಮುಗಿಸಿದ ಮಳೆಗಾಲದಲ್ಲಿ ದೂರದಿಂದ ನಾಲ್ಕು ಜನ ಸಂಶೋಧಕರು ಅಲ್ಲಿಗೆ ಬಂದರು. ಹೊಳೆಯ ಮರಿಮೀನುಗಳನ್ನು ಎಣಿಸುವದು ಅವರ ಉದ್ದೇಶ. ಅವರಿಗೆ ಒಂದು ತೆಪ್ಪ ಬೇಕಾಗಿತ್ತು, ನೀರು ಬಲ್ಲ ಮನುಷ್ಯ ಬೇಕಾಗಿತ್ತು, ಲೆಕ್ಕ ಬರೆಯುವ ಒಬ್ಬ ಹುಡುಗ ಬೇಕಾಗಿತ್ತು. ಮೊದಲಿನ ಎರಡು ಮಾಮಾನಲ್ಲಿ ದೊರೆತವು. ಮೂರನೆಯದಕ್ಕೆ ಮಾಮಾ ನನ್ನನ್ನು ಕರೆಯಿಸಿದನು. ನಮ್ಮ ಮನೆತನದಲ್ಲಿ ಪೆನ್ನು ಹಿಡಿದು ಕೂಲಿ ಪಡೆದ ಮೊದಲನೆಯವನು ನಾನೇ ಇರಬೇಕು. ಆದರೂ ಅವ್ವನಿಗೆ ಇದು ಸರಿಬರಲಿಲ್ಲ. "ನಿನ್ನ ಓದಾಕ ಹಾಕಿದ್ದು ಬಲಿ ಎಳಿಯಾಕಲ್ಲಪಾ" ಎಂದಳು. ಬಲೆ ಎಳೆಯುವದಲ್ಲ, ಬರೆಯುವದು ಎಂದು ಹೇಳಿ ಹೋದೆ. ಎರಡನ್ನೂ ಮಾಡಬೇಕಾಯಿತು.

ಕೆಲಸ ಕಾರಹುಣ್ಣಿವೆ ಕಳೆದ ಮೇಲೆ ಸುರುವಾಯಿತು. ಮೀನು ಮರಿಹಾಕುವ ಹೊತ್ತು ನಮ್ಮ ಕಡೆ ಅದೇ. ನಮ್ಮ ಊರಿನಲ್ಲಿ ಒಂದು ಹನಿ ಬೀಳದಿದ್ದರೂ ಮಹಾಬಳೇಶ್ವರದ ಘಟ್ಟದಲ್ಲಿ ಸುರಿದ ಮಳೆ ಹೊಳೆಯಾಗಿ ಬರುತ್ತದೆ. ನಿಚ್ಚಳವಾಗಿದ್ದ ನೀರು ಒಂದೆರಡು ದಿನದಲ್ಲಿ ರಾಡಿಯಾಗಿ, ಬೇಸಿಗೆಯಲ್ಲಿ ಒಣಗಿದ್ದ ಬಯಲಿನ ಮೇಲೆ ಹಬ್ಬುತ್ತದೆ. ದಂಡೆಯವರು ಇದನ್ನು 'ಹೊಸನೀರು' ಎನ್ನುತ್ತಾರೆ. ರೋಹು, ಕಾಟ್ಲಾ, ಮೃಗಾಲ್ ಮೊದಲಾದ ಗೆಂಡೆಯ ಜಾತಿಯ ಮೀನುಗಳು ನಿಂತ ನೀರಿನಲ್ಲಿ ತತ್ತಿ ಇಡುವದಿಲ್ಲ. ಹೊಸನೀರಿನ ಸೆಳವು ಬೇಕು, ಆಳವಿಲ್ಲದ ಮುಳುಗಿದ ಅಂಚು ಬೇಕು. ಒಂದು ಕಿಲೋ ತೂಗುವ ತಾಯಿಮೀನಿನ ಹೊಟ್ಟೆಯಲ್ಲಿ ಲಕ್ಷಕ್ಕೂ ಮೇಲ್ಪಟ್ಟು ತತ್ತಿ ಇರುತ್ತವೆ. ಬೆಚ್ಚಗಿನ ನೀರಿನಲ್ಲಿ ಅವು ಒಂದು ದಿನ ತುಂಬುವ ಮೊದಲೇ ಒಡೆಯುತ್ತವೆ. ಹುಟ್ಟಿದ ಮರಿ ಅಕ್ಕಿಯ ಕಾಳಿಗಿಂತ ದೊಡ್ಡದಿರುವದಿಲ್ಲ. ಮೂರು ದಿನ ಅದಕ್ಕೆ ಬಾಯಿಯ ಕೆಲಸವಿಲ್ಲ, ಹೊಟ್ಟೆಯ ಕೆಳಗಿನ ಭಂಡಾರದ ಚೀಲವನ್ನೇ ಉಂಡು ಬದುಕುತ್ತದೆ. ಆಮೇಲೆ ಅದರ ಪಾಡು ಅದಕ್ಕೆ. ಲಕ್ಷದಲ್ಲಿ ಎಷ್ಟು ಉಳಿದು ಬೆರಳುದ್ದವಾಗುತ್ತವೆಯೋ ಅದೇ ಮುಂದಿನ ವರ್ಷಗಳ ಮೀನು. ಆದ್ದರಿಂದಲೇ ದೊಡ್ಡ ಮೀನನ್ನು ಸಂತೆಯಲ್ಲಿ ತೂಗಿ ನೋಡುವದಕ್ಕಿಂತ ಮರಿಯನ್ನು ಹೊಳೆಯಲ್ಲಿ ಎಣಿಸುವದು ಮುಖ್ಯವೆಂದು ಅವರು ತಿಳಿಸಿ ಹೇಳಿದರು. ಸಂತೆಯ ಮೀನು ಹಿಂದಿನ ವರ್ಷಗಳ ಕತೆ ಹೇಳುತ್ತದೆ, ಮರಿ ಬರಲಿರುವ ವರ್ಷಗಳದು.

ಎಣಿಸುವದು ಹೇಗೆ? ಬಾಯಿ ಅಗಲವಾಗಿ ಬಾಲ ಕಿರಿದಾಗಿರುವ, ಸೊಳ್ಳೆಯ ಪರದೆಯಷ್ಟು ಸಣ್ಣ ಕಣ್ಣಿನ ಬಲೆಯನ್ನು ಹಳ್ಳವು ಹೊಳೆಗೆ ಕೂಡುವ ಬಾಯಲ್ಲಿ, ಹರಿವಿಗೆ ಎದುರಾಗಿ, ಎರಡು ಗೂಟಗಳಿಗೆ ಕಟ್ಟುತ್ತಾರೆ. ಬಾಲದ ತುದಿಗೆ ಬಟ್ಟೆಯ ಚೀಲ. ನೀರಿನೊಂದಿಗೆ ತೇಲಿಬಂದ ಮರಿ ಚೀಲದಲ್ಲಿ ಉಳಿಯುತ್ತದೆ. ಬಂಗಾಲದಲ್ಲಿ ಗಂಗೆಯ ಮರಿ ಹಿಡಿಯುವವರು ತಲೆತಲಾಂತರದಿಂದ ಇಂಥ ಬಲೆಯನ್ನೇ ಕಟ್ಟಿದವರು. ಬೆಳಗಿನ ಐದೂವರೆಗೆ ಬಲೆ ಕಟ್ಟಿ, ಗಡಿಯಾರ ನೋಡಿ ಒಂದು ತಾಸಿಗೆ ಎತ್ತಬೇಕು. ಚೀಲದಲ್ಲಿದ್ದುದನ್ನು ಬಿಳಿಯ ಬೋಗುಣಿಯಲ್ಲಿ ಸುರಿದು, ಚಹ ಸೋಸುವ ಜಾಲರಿಯಿಂದ ಒಂದೊಂದೇ ಎತ್ತಿ ಎಣಿಸಬೇಕು. ಬಾಲದ ಬುಡದಲ್ಲಿ ಕಪ್ಪು ಗುರುತಿದೆಯೇ, ಮೀಸೆ ಇದೆಯೇ, ಉದ್ದ ಎಷ್ಟು ಎಂದು ನೋಡಿ ಜಾತಿ ಬರೆಯಬೇಕು. ಮರಿ ತೀರ ಹೆಚ್ಚು ಬಂದರೆ ಒಂದು ಸಣ್ಣ ಬಟ್ಟಲಿನಲ್ಲಿ ಎಷ್ಟು ಹಿಡಿಯುತ್ತವೆಂದು ಎಣಿಸಿ, ಎಷ್ಟು ಬಟ್ಟಲಾದವೆಂದು ಗುಣಿಸಬೇಕು. ನೀರು ಬಿಸಿಯಾಗುವ ಮೊದಲೇ ಎಲ್ಲವನ್ನೂ ಹೊಳೆಗೆ ಮರಳಿ ಬಿಡಬೇಕು. ಒಣಗೈಯಿಂದ ಮುಟ್ಟಿದರೆ ಮರಿಯ ಮೈಮೇಲಿನ ಲೋಳೆ ಕಿತ್ತು ಸಾಯುತ್ತದೆ. ಮೊದಲ ವಾರ ನನ್ನ ಕೈಯಿಂದ ಹಾಗೆ ಸತ್ತವುಗಳನ್ನು ಬೇರೆ ಕಾಲಮಿನಲ್ಲಿ ನಾನೇ ಬರೆಯಬೇಕಾಯಿತು.

ಮಾಮಾ ಮೊದಲ ದಿನ ಬೋಗುಣಿಯನ್ನೂ ನನ್ನನ್ನೂ ನೋಡಿ, "ಅಳಿಯಾ, ಮೀನ ಹಿಡದು ಎಣಸೋದು ಗೊತ್ತು. ಎಣಿಸಿ ಮತ್ತ ನೀರಿಗೇ ಬಿಡೋದು ಇದೇ ಮೊದಲ ಸಲಾ ನೋಡಾಕತ್ತೇನಿ" ಎಂದನು. ಆದರೆ ವಾರದೊಳಗೆ ಅವನೇ ಎಲ್ಲರಿಗಿಂತ ಮುಂದಾದನು. ಭಿಂಗವಿಟ್ಟು ನೋಡುವ ಸಂಶೋಧಕರಿಗಿಂತ ಮೊದಲು ಬರಿಗಣ್ಣಿನಿಂದ "ಇದು ಜಿಲೇಬಿ, ಇದು ಬಾಳಿಮೀನ" ಎಂದು ಹೇಳುತ್ತಿದ್ದನು. ಹೆಚ್ಚಾಗಿ ಅವನದೇ ಸರಿಯಿರುತ್ತಿತ್ತು.

ನಾನು ಕಲಿತದ್ದು ಬೇರೊಂದು ಪಾಠ. ಮೂರನೆಯ ದಿನವೋ ನಾಲ್ಕನೆಯ ದಿನವೋ ಬಲೆಯಲ್ಲಿ ಕಸ, ಸೀಗಡಿ, ನೀರುಹುಳ ಬಿಟ್ಟು ಒಂದು ಮರಿಯೂ ಬರಲಿಲ್ಲ. ಬರೆಯುವದೇನಿದೆ ಎಂದು ಆ ದಿನದ ಸಾಲನ್ನು ಖಾಲಿ ಬಿಟ್ಟೆ. ಸಂಜೆ ತಂಡದ ಹಿರಿಯರು ಪುಸ್ತಕ ನೋಡಿ ನನ್ನನ್ನು ಕರೆದರು. "ಖಾಲಿ ಬಿಟ್ಟರೆ ನೀನು ಹೋಗಿರಲಿಲ್ಲ ಎಂದರ್ಥ. ಸೊನ್ನೆ ಬರೆದರೆ ಹೋಗಿದ್ದೆ, ಮರಿ ಬಂದಿರಲಿಲ್ಲ ಎಂದರ್ಥ. ಎರಡೂ ಒಂದೇ ಅಲ್ಲ" ಎಂದರು. ಎರಡು ವರ್ಷದಲ್ಲಿ ನಾನು ಕೇಳಿದ ಉಪನ್ಯಾಸಗಳಲ್ಲಿ ಇಷ್ಟು ಚಿಕ್ಕದೂ ಇಷ್ಟು ಉಪಯುಕ್ತವಾದದ್ದೂ ಇನ್ನೊಂದಿಲ್ಲ, ಗುರುಗಳು ಕ್ಷಮಿಸಬೇಕು.

ಅದೇ ಹಿರಿಯರು ಒಂದು ದಿನ ಚಹ ಕುಡಿಯುವಾಗ ಸಾಲ್ಮನ್ ಮೀನಿನ ಮಾತು ತೆಗೆದರು. (ಮುಂಬಯಿಯ ಪೇಟೆಯಲ್ಲಿ ಇಂಡಿಯನ್ ಸಾಲ್ಮನ್ ಎಂದು ಮಾರುವ ರಾವಸ್ ಇದಲ್ಲ, ಅದು ಬೇರೆಯೇ ಜಾತಿ.) ನಮ್ಮ ದೇಶದ ಹೊಳೆಗಳಲ್ಲಿ ಇಲ್ಲದ ಆ ಮೀನಿನ ವಿಷಯವನ್ನು ಆಮೇಲೆ ನಾನು ಓದಿಕೊಂಡೆ. ಅದು ಹುಟ್ಟುವದು ತಣ್ಣೀರಿನ ಹಳ್ಳಗಳ ಗರಸಿನಲ್ಲಿ. ಒಂದೆರಡು ವರ್ಷ, ಕೆಲವೆಡೆ ಇನ್ನೂ ಹೆಚ್ಚು, ಹಳ್ಳದಲ್ಲಿ ಬೆಳೆದು, ಗೇಣುದ್ದವಾಗುವ ಹೊತ್ತಿಗೆ ಮೈಬಣ್ಣ ಬೆಳ್ಳಿಯಂತಾಗಿ, ವಸಂತಕಾಲದಲ್ಲಿ ಗುಂಪುಗೂಡಿ ಸಮುದ್ರಕ್ಕೆ ಇಳಿಯುತ್ತದೆ. ಸಮುದ್ರದಲ್ಲಿ ದೊಡ್ಡದಾಗಿ ಮತ್ತೆ ಹುಟ್ಟಿದ ಹಳ್ಳಕ್ಕೇ ಮರಳುತ್ತದೆ. ಈ ಇಳಿಯುವ ಮರಿಗಳನ್ನು ಎಣಿಸುವದೇ ಅಲ್ಲಿ ಪ್ರತಿ ವಸಂತದ ಒಂದು ಉದ್ಯೋಗ. ಹರಿವಿಗೆ ತಾನೇ ತಿರುಗುವ ದೊಡ್ಡ ಆಲಿಕೆಯಂಥ ಯಂತ್ರವನ್ನು ನೀರಿನ ಮೇಲೆ ತೇಲಿಬಿಟ್ಟಿರುತ್ತಾರೆ. ಅದರೊಳಗೆ ಸಿಕ್ಕ ಮರಿ ಹಿಂದಿನ ಪೆಟ್ಟಿಗೆಯಲ್ಲಿ ಜೀವಂತ ಉಳಿಯುತ್ತದೆ. ಪ್ರತಿ ಮುಂಜಾನೆ ಹೋಗಿ ಎಣಿಸಿ, ಅಳತೆ ಮಾಡಿ, ಬಿಡುತ್ತಾರೆ. ಬಲೆಗೆ ಬಾರದೆ ಹೋದ ಮರಿಗಳ ಅಂದಾಜು ಮಾಡುವ ಉಪಾಯವೂ ಸರಳವಾದದ್ದು. ನೂರು ಮರಿಗಳಿಗೆ ಗುರುತು ಮಾಡಿ ಮೇಲ್ಹರಿವಿನಲ್ಲಿ ಬಿಡುವದು. ಅವುಗಳಲ್ಲಿ ಹತ್ತು ಮಾತ್ರ ಮತ್ತೆ ಬಲೆಗೆ ಬಂದರೆ, ಬಲೆಯು ಹತ್ತರಲ್ಲಿ ಒಂದನ್ನು ಹಿಡಿಯುತ್ತದೆಂದಾಯಿತು. ಆಗ ಬಲೆಗೆ ಬಂದದ್ದನ್ನು ಹತ್ತರಿಂದ ಗುಣಿಸಿದರೆ ಹೊಳೆಯಲ್ಲಿ ಹೋದದ್ದು ಸುಮಾರಾಗಿ ಸಿಗುತ್ತದೆ. ಇದಕ್ಕೆ ಏಳನೆಯ ಇಯತ್ತೆಯ ಗಣಿತ ಸಾಕು.

ಸ್ಕಾಟ್ಲಂಡಿನಲ್ಲಿ ಡೀ ಎಂಬ ನದಿಗೆ ಕೂಡುವ ಗಿರ್ನಾಕ್ ಎಂಬುದೊಂದು ಹಳ್ಳವಿದೆ. ದೊಡ್ಡ ನದಿಯೇನೂ ಅಲ್ಲ, ನಮ್ಮ ಕಡೆಯ ಹಳ್ಳಗಳಂಥದೇ. ಅಲ್ಲಿ 1966 ರಿಂದ ಇಳಿಯುವ ಮರಿಗಳನ್ನೂ ಏರಿಬರುವ ದೊಡ್ಡ ಮೀನುಗಳನ್ನೂ ಎಣಿಸುತ್ತ ಬಂದಿದ್ದಾರೆ. ಆ ವರ್ಷ ಎಣಿಸಲು ತೊಡಗಿದ ತರುಣರು ಈಗ ಬದುಕಿದ್ದರೆ ಎಂಬತ್ತು ದಾಟಿರಬೇಕು. ಎರಡೂ ಲೆಕ್ಕ ಇರುವದರಿಂದ ಒಂದು ದೊಡ್ಡ ಪ್ರಶ್ನೆಗೆ ಅವರು ಉತ್ತರ ಹೇಳಬಲ್ಲರು: ಮೀನು ಕಡಿಮೆಯಾದರೆ ಅದು ಹಳ್ಳದಲ್ಲಿ ಸತ್ತು ಕಡಿಮೆಯಾಯಿತೋ, ಸಮುದ್ರದಲ್ಲಿ ಸತ್ತೋ? 2023 ರಲ್ಲಿ ಅಟ್ಲಾಂಟಿಕ್ ಸಾಲ್ಮನ್ ಅಪಾಯದ ಅಂಚಿಗೆ ಬಂದಿದೆಯೆಂದು ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟ ಸಾರಿದ್ದು ಇಂಥ ಹಳ್ಳಗಳ ಲೆಕ್ಕದ ಪುಸ್ತಕಗಳ ಆಧಾರವಿದ್ದುದರಿಂದಲೇ. ಅಮೇರಿಕದ ಕೊಲಂಬಿಯಾ ನದಿಯ ಬಾನ್‌ವಿಲ್ ಅಣೆಕಟ್ಟಿನಲ್ಲಿ ಮೀನು ಏರುವ ಮೆಟ್ಟಿಲುಗಳಿವೆ. ಅವುಗಳ ಪಕ್ಕದಲ್ಲಿ ಕಿಟಕಿಯಿಟ್ಟು, ಏರಿಹೋದ ಮೀನುಗಳನ್ನು 1938 ರಿಂದ ಎಣಿಸುತ್ತಾರೆ. ಅಂದರೆ ಆ ಅಣೆಕಟ್ಟಿನಲ್ಲಿ ನೀರಿನ ಲೆಕ್ಕದ ಜೊತೆಗೆ ಮೀನಿನ ಲೆಕ್ಕವೂ ನಡೆದಿದೆ. ಆಲಮಟ್ಟಿಯ 26 ಗೇಟುಗಳನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಮೀನಿನ ಮೆಟ್ಟಿಲು ನನ್ನ ಕಣ್ಣಿಗೆ ಬಿದ್ದಿಲ್ಲ.

ನಮ್ಮಲ್ಲಿಯೂ ಮರಿಯ ಲೆಕ್ಕ ಇದೆ ಎಂದು ಕೆಲವರು ಹೇಳಬಹುದು. ನಿಜ, ಒಂದು ಬಗೆಯದು ಇದೆ. ಮೀನುಗಾರಿಕೆಯ ಇಲಾಖೆಯವರು ಮರಿಗಳನ್ನು ಸಾಕಿ ಜಲಾಶಯಕ್ಕೂ ಕೆರೆಗಳಿಗೂ ಬಿಡುತ್ತಾರೆ. ಬಿಟ್ಟ ಮರಿ ಇಷ್ಟು ಲಕ್ಷ ಎಂದು ವರದಿಯಾಗುತ್ತದೆ, ಭಾವಚಿತ್ರವೂ ಬರುತ್ತದೆ. ಇದನ್ನು ನಾನು ಹಗುರು ಮಾಡುವದಿಲ್ಲ. ಇದರ ಹಿಂದೆ ನಮ್ಮ ದೇಶದ ವಿಜ್ಞಾನಿಗಳ ದೊಡ್ಡ ಸಾಹಸವಿದೆ. 1957 ರ ಜುಲೈ 10 ರಂದು ಓಡಿಶಾದ ಅಂಗುಲದಲ್ಲಿ ಹೀರಾಲಾಲ ಚೌಧುರಿ ಮತ್ತು ಅವರ ಸಂಗಡಿಗರು ಗೆಂಡೆಮೀನಿಗೆ ಮೀನಿನದೇ ಮಿದುಳಿನ ಗ್ರಂಥಿಯ ರಸವನ್ನು ಚುಚ್ಚಿ, ಕೊಳದ ನಿಂತ ನೀರಿನಲ್ಲಿಯೇ ತತ್ತಿ ಇಡಿಸಿದರು. ಅದರ ನೆನಪಿಗೆಂದೇ ಜುಲೈ 10 ನ್ನು ಮೀನು ಕೃಷಿಕರ ದಿನವೆಂದು ಆಚರಿಸುತ್ತಾರೆ. ಅದಕ್ಕೂ ಮೊದಲು ದೇಶದ ಕೆರೆಗಳಿಗೆ ಬೇಕಾದ ಮರಿಯ ಬಹುಪಾಲು ಗಂಗೆಯಂಥ ಹೊಳೆಗಳಿಂದಲೇ ಹಿಡಿದು ಸಾಗಿಸಿದ್ದು. ಲೋಣಾವಳದ ಟಾಟಾ ವಿದ್ಯುತ್ ಕಂಪನಿಯವರು ಮಹಶೀರ್ ಮರಿಗಳನ್ನೂ ಹೀಗೆ ಬೆಳೆಸಿ ತೋರಿಸಿದರು. ಅಲ್ಲಿಯ ಇಂದ್ರಾಯಣಿಯ ನೀರು ಭೀಮೆಗೆ ಕೂಡಿ ಕೊನೆಗೆ ನಮ್ಮ ಕೃಷ್ಣೆಗೇ ಬರುತ್ತದೆ.

ಆದರೆ ಈ ಗೆಲುವಿಗೆ ಒಂದು ಬೆಲೆಯೂ ತಗಲಿತೆಂದು ನನಗೆ ಅನಿಸುತ್ತದೆ. ಮರಿ ಕೊಳದಲ್ಲಿಯೇ ಸಿಗತೊಡಗಿದ ಮೇಲೆ ಹೊಳೆಯ ಮರಿಯ ಅಗತ್ಯ ತಪ್ಪಿತು. ಅಗತ್ಯ ತಪ್ಪಿದ ಮೇಲೆ ಅದರ ಕಡೆಗೆ ನೋಡುವದೂ ತಪ್ಪಿತು. ಬಿಟ್ಟ ಮರಿಯ ಲೆಕ್ಕ ಬೇರೆ, ಉಳಿದ ಮರಿಯ ಲೆಕ್ಕ ಬೇರೆ. ಒಕ್ಕಲುತನದವರ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಿತ್ತಿದ ಜೋಳದ ಸೇರನ್ನು ಎಣಿಸಿದವನಿಗೆ ರಾಶಿಯ ಚೀಲ ಎಷ್ಟಾದವೆಂದು ಗೊತ್ತಾಗುವದಿಲ್ಲ. ಅದಲ್ಲದೆ ಇಲಾಖೆ ಬಿಡುವದು ಸಂತೆಯಲ್ಲಿ ಬೆಲೆಯಿರುವ ನಾಲ್ಕಾರು ಜಾತಿ. ಕೃಷ್ಣೆಯ ಸ್ವಂತ ಮೀನುಗಳು, ಹರಗಿಮೀನಿನಂಥವು, ಯಾರೂ ಬಿತ್ತದೆಯೇ ಬೆಳೆದವು. ಹರಗಿಯನ್ನು ಈಗ ತೀವ್ರ ಅಪಾಯದಲ್ಲಿರುವ ಮೀನುಗಳ ಪಟ್ಟಿಯಲ್ಲಿ ಸೇರಿಸಿದ್ದಾರೆ. ಇನ್ನು 1952 ರಲ್ಲಿ ಹೊರಗಿನಿಂದ ಈ ದೇಶಕ್ಕೆ ಬಂದ ಜಿಲೇಬಿಮೀನು, ಅಂದರೆ ತಿಲಾಪಿಯಾ, ಯಾರ ಹಂಗೂ ಇಲ್ಲದೆ ನಿಂತ ನೀರಿನಲ್ಲಿಯೇ ವರ್ಷದಲ್ಲಿ ಹಲವು ಸಲ ಮರಿಹಾಕುತ್ತದೆ. ಅಣೆಕಟ್ಟಿನ ನೀರು ಅದಕ್ಕೆ ತವರುಮನೆ.

ಮಸೂತಿಯವನಾದ ನನಗೆ ಇನ್ನೊಂದು ಪ್ರಶ್ನೆಯೂ ಇದೆ. ಮುಳವಾಡ ಏತ ನೀರಾವರಿಯಲ್ಲಿ ಬಳೂತಿಯ ಹತ್ತಿರ ಹಿನ್ನೀರಿನಿಂದ ಎತ್ತಿದ ನೀರು ನಮ್ಮ ಊರ ಕಡೆಗೆ ಬಂದು ಮುಂದೆ ಸಾಗುತ್ತದೆ. ಈ ನೀರಿನಿಂದ ನಮ್ಮ ಎರೆಹೊಲಗಳಿಗೆ ಆದ ಉಪಕಾರ ದೊಡ್ಡದು, ಅದನ್ನು ಅಲ್ಲಗಳೆಯುವವನು ನಾನಲ್ಲ. ನಮ್ಮ ಅಪ್ಪನ ಹೊಲದಲ್ಲಿಯೂ ಆ ನೀರಿನ ತೇವವಿದೆ. ಆದರೆ ಕಾಲುವೆ ಬಂದಾದ ದಿನ ಅದರ ತಳದ ಕುಣಿಗಳಲ್ಲಿ ನಮ್ಮ ಓಣಿಯ ಹುಡುಗರು ಮೀನು ಹಿಡಿಯುವದನ್ನು ನಾನು ಚಿಕ್ಕಂದಿನಿಂದ ಕಂಡಿದ್ದೇನೆ, ಹಿಡಿದೂ ಇದ್ದೇನೆ. ಆ ಮೀನು ಎಲ್ಲಿಂದ ಬಂತು? ಹೊಳೆಯಿಂದ ಪಂಪಿನ ಹೊಟ್ಟೆಯನ್ನು ಹಾಯ್ದು ತತ್ತಿಯಾಗಿಯೋ ಮರಿಯಾಗಿಯೋ ಬಂದದ್ದೇ ಇರಬೇಕು. ಪಂಪು ನೀರು ಎತ್ತುವದು ಹೊಳೆ ತುಂಬಿದಾಗ; ಮೀನು ಮರಿಹಾಕುವದೂ ಹೊಳೆ ತುಂಬಿದಾಗಲೇ. ಹೀಗೆ ಬರುವವುಗಳಲ್ಲಿ ಎಷ್ಟು ಸಾಯುತ್ತವೆ, ಎಷ್ಟು ಕೆರೆಗಳನ್ನು ಮುಟ್ಟಿ ಬದುಕುತ್ತವೆ? ಸಾಲ್ಮನ್ ಇರುವ ನಾಡುಗಳಲ್ಲಿ ಕಾಲುವೆಯ ಬಾಯಿಗೆ ಮರಿ ಒಳಗೆ ಹೋಗದಂಥ ಜಾಲರಿ ಹಾಕುವ ಪದ್ಧತಿಯಿದೆ. ನಮ್ಮಲ್ಲಿ ಅದು ಬೇಕೋ ಬೇಡವೋ ಎಂದು ಹೇಳಲಿಕ್ಕೂ ಮೊದಲು ಎಣಿಸಬೇಕು. ಕಾಲುವೆ ನಮ್ಮ ಊರಿನಲ್ಲಿಯೇ ಇದೆ, ಬೋಗುಣಿ ಎಲ್ಲರ ಮನೆಯಲ್ಲಿಯೂ ಇದೆ.

ಆ ಮಳೆಗಾಲದ ಕೆಲಸ ನಾಗರಪಂಚಮಿಯ ಹೊತ್ತಿಗೆ ಮುಗಿಯಿತು. ತಂಡದವರು ಕೂಲಿ ಪೂರ್ಣ ಕೊಟ್ಟು, ಮಾಮಾನಿಗೆ ಒಂದು ಶಾಲು ಹೊದಿಸಿ, ಬಲೆ, ಉಷ್ಣಮಾಪಕ, ಪುಸ್ತಕ ಎಲ್ಲ ಕಟ್ಟಿಕೊಂಡು ಹೋದರು. "ಮುಂದಿನ ವರ್ಷ ಬರತಾರೇನು?" ಎಂದು ಮಾಮಾ ನನ್ನನ್ನು ಕೇಳಿದನು. ಬರುತ್ತಾರೆಂದೆ. ಬರಲಿಲ್ಲ. ಅವರ ಯೋಜನೆಯ ಹಣ ಒಂದು ಹಂಗಾಮಿಗೆ ಮಾತ್ರ ಇತ್ತೆಂದು ಆಮೇಲೆ ತಿಳಿಯಿತು. ಅವರ ಮೇಲೆ ನನಗೆ ಸಿಟ್ಟಿಲ್ಲ. ಒಳ್ಳೆಯ ಜನ, ಒಳ್ಳೆಯ ಕೆಲಸ. ಆದರೆ ಒಂದೇ ವರ್ಷದ ಲೆಕ್ಕ ಯಾವುದಕ್ಕೆ ಹೋಲಿಸಬೇಕು? ಗಿರ್ನಾಕ್ ಹಳ್ಳದ ಪುಸ್ತಕಕ್ಕೆ ಬೆಲೆ ಬಂದದ್ದು ಅಲ್ಲಿ ಜಾಣರಿದ್ದರೆಂದಲ್ಲ, ಪ್ರತಿ ವರ್ಷ ಅದೇ ಹಳ್ಳಕ್ಕೆ ಹೋದರೆಂದು.

ಇದರ ಬಿಸಿ ನನಗೆ ತಟ್ಟಿದ್ದು ಮುಂದಿನ ಚಳಿಗಾಲದಲ್ಲಿ. ದಂಡೆಯ ಮೀನುಗಾರರ ಒಂದು ಸಭೆಗೆ ಮಾಮಾನ ಜೊತೆ ಹೋಗಿದ್ದೆ. ಹಿನ್ನೀರಿನಲ್ಲಿ ಮೀನು ಕಡಿಮೆಯಾಗಿದೆ, ಹೊಟ್ಟೆ ತುಂಬುವದು ಕಠಿಣವಾಗಿದೆ ಎಂದು ಒಬ್ಬರ ಮೇಲೊಬ್ಬರು ಹೇಳಿದರು. ಮಾಮಾನೂ ಎದ್ದುನಿಂತು ಹೇಳಿದನು. ಅಲ್ಲಿಗೆ ಬಂದಿದ್ದ ಅಧಿಕಾರಿಗಳು ಸಮಾಧಾನದಿಂದ ಕೇಳಿ, "ಕಡಿಮಿ ಆಗೇದ ಅಂತೀರಿ. ಎಷ್ಟಿತ್ತು, ಎಷ್ಟಾಗೇದ? ಏನರ ದಾಖಲೆ ಐತೇನ್ರಿ ಯಜಮಾನ್ರ?" ಎಂದರು. ಅವರು ಹಂಗಿಸಿ ಕೇಳಲಿಲ್ಲ, ಅವರ ಪ್ರಶ್ನೆ ತಪ್ಪೂ ಅಲ್ಲ. ಮಾಮಾ ನನ್ನ ಕಡೆಗೆ ನೋಡಿದನು. ಒಂದು ಮಳೆಗಾಲ ಪೂರ್ತಿ ದಿನಾಲು ಬರೆದವನು ನಾನೇ ಅಲ್ಲವೇ! ಬರೆದ ಪುಸ್ತಕ ಊರು ಬಿಟ್ಟು ಹೋಗಿತ್ತು. ಒಂದು ಪ್ರತಿ ಇಟ್ಟುಕೊಳ್ಳಬೇಕೆಂದು ನನಗೆ ಹೊಳೆದಿರಲಿಲ್ಲ. ಕೇಳಿದ್ದರೆ ಅವರು ಬೇಡವೆನ್ನುತ್ತಿರಲಿಲ್ಲ. ಮಾಮಾ ಕೂತುಕೊಂಡನು. ನಲವತ್ತು ವರ್ಷ ಹೊಳೆಯನ್ನು ನೋಡಿದವನ ಮಾತು ಆ ಸಭೆಯ ನಡಾವಳಿಯಲ್ಲಿ ಸಾಲಾಗಿಯೂ ಇಳಿಯಲಿಲ್ಲ. ತಪ್ಪು ನನ್ನದೆಂದು ನನಗೆ ಆ ದಿನ ಅನಿಸಿತು, ಈಗಲೂ ಅನಿಸುತ್ತದೆ.

ದಂಡೆಯವರಿಗೆ ಗೊತ್ತಿಲ್ಲದ್ದನ್ನು ನಾವು ಹೋಗಿ ಕಲಿಸಬೇಕಾಗಿಲ್ಲ. ಯಾವ ಹಳ್ಳದ ಬಾಯಲ್ಲಿ ಮರಿ ಮೊದಲು ಕಾಣುತ್ತದೆ, ಯಾವ ಗಾಳಿಗೆ ಬಾಳಿಮೀನು ದಂಡೆಗೆ ಬರುತ್ತದೆ ಎಂಬುದೆಲ್ಲ ಅವರ ತಲೆಯಲ್ಲಿದೆ. ಆದರೆ ತಲೆಯಲ್ಲಿದ್ದದ್ದು ಕಚೇರಿಯ ಮೇಜಿನ ಮೇಲೆ ಇಡಲು ಬರುವದಿಲ್ಲ. ನಮಗೆ ಬರೆಯಲು ಬರುತ್ತದೆ. ಅಷ್ಟೇ ನಮ್ಮಲ್ಲಿರುವ ಹೆಚ್ಚಿನದು. ನಮ್ಮ ಹಿರಿಯರು ಕೂಲಿ ಮಾಡಿ, ಎಮ್ಮೆ ಮಾರಿ ಓದಿಸಿದ್ದು ಈ ಬರವಣಿಗೆಗಾಗಿ. ಅದನ್ನು ಸ್ಪರ್ಧಾ ಪರೀಕ್ಷೆಯ ಅರ್ಜಿ ತುಂಬಲಿಕ್ಕೆ ಮಾತ್ರ ಬಳಸಬೇಕೆಂದು ಎಲ್ಲಿ ಬರೆದಿದೆ? (ಅರ್ಜಿಯನ್ನು ನಾನೂ ತುಂಬಿದ್ದೇನೆ, ಅವ್ವನಿಗೆ ತಿಳಿಯಲಿ.) ಇದು ವಿಜ್ಞಾನ ಶಾಖೆಯವರ ಕೆಲಸವೆನ್ನುವ ಮಿತ್ರರಿಗೆ ನನ್ನ ಉತ್ತರ ಇಷ್ಟೇ: ಬಲೆಯ ಬಾಯಿ ಅಳೆಯಲು, ತಾಸು ನೋಡಲು, ಒಂದರಿಂದ ನೂರು ಎಣಿಸಲು, ಮರಿ ಬಾರದ ದಿನ ಬೇಸರವಿಲ್ಲದೆ ಸೊನ್ನೆ ಬರೆಯಲು ಪ್ರಯೋಗಶಾಲೆ ಬೇಕಾಗುವದಿಲ್ಲ. ಜಾತಿ ಗುರುತಿಸುವಲ್ಲಿ ಸಂಶಯ ಬಂದರೆ ಮಾಮಾನಂಥವರಿದ್ದಾರೆ. ಅವರಿಗೂ ಸಂಶಯ ಬಂದರೆ ಇಲಾಖೆಯವರಿದ್ದಾರೆ.

ಕಳೆದ ಮಳೆಗಾಲದಲ್ಲಿ ಮಾಮಾ ಮತ್ತು ನಾನು ಅದೇ ಹಳ್ಳದ ಬಾಯಲ್ಲಿ ಮತ್ತೆ ಬಲೆ ಕಟ್ಟಿದೆವು. ಹಳೆಯ ಪರದೆಯ ಬಟ್ಟೆಯಿಂದ ಅತ್ತೆ ಹೊಲಿದುಕೊಟ್ಟ ಬಲೆ. ಇಪ್ಪತ್ತಮೂರು ಮುಂಜಾನೆ ಹೋದೆವು, ಅವುಗಳಲ್ಲಿ ಒಂಬತ್ತು ದಿನ ಸೊನ್ನೆ. ಬಂದ ಮರಿಗಳಲ್ಲಿ ಜಿಲೇಬಿಯೇ ಹೆಚ್ಚು. ಇದರಿಂದ ನಾನು ಏನನ್ನೂ ಸಾಧಿಸಲು ಹೊರಟಿಲ್ಲ. ನಮ್ಮ ಬಲೆ ಆ ತಂಡದವರ ಬಲೆಯಷ್ಟು ಅಗಲವಿಲ್ಲ, ಕಣ್ಣಿನ ಅಳತೆಯೂ ಬೇರೆ. ಆದ್ದರಿಂದ ನಮ್ಮ ಸಂಖ್ಯೆಯನ್ನು ಅವರ ಸಂಖ್ಯೆಯ ಪಕ್ಕದಲ್ಲಿ ಇಡಲು ಬರುವದಿಲ್ಲ. ಮುಂದಿನ ವರ್ಷ ಇದೇ ಬಲೆಯಿಂದ ಇದೇ ಜಾಗದಲ್ಲಿ ಎಣಿಸಿದರೆ ಮಾತ್ರ ಇದಕ್ಕೆ ಅರ್ಥ ಬಂದೀತು. ಇನ್ನೊಂದು ಎಚ್ಚರಿಕೆಯನ್ನೂ ಹೇಳಬೇಕು. ಇಷ್ಟು ಸಣ್ಣ ಕಣ್ಣಿನ ಬಲೆ ಹಿಡಿದು ಹೊಳೆಗಿಳಿದವನನ್ನು ಕಳ್ಳನೆಂದು ತಿಳಿಯುವದು ಸಹಜ. ಇಂಥ ಬಲೆಯಿಂದಲೇ ಮರಿಗಳನ್ನು ಬಳಿದು ಒಣಗಿಸಿ ಮಾರುವವರೂ ಇದ್ದಾರೆ. ನಮ್ಮನ್ನೂ ಒಂದು ಮುಂಜಾನೆ ದಂಡೆಯವರು ನಿಲ್ಲಿಸಿ ಕೇಳಿದರು, ಬೋಗುಣಿ ತೋರಿಸಿ ಪಾರಾದೆವು. ಆದ್ದರಿಂದ ಇಲಾಖೆಯ ಅನುಮತಿ ಬೇಕು, ಅದಕ್ಕೆ ನಮ್ಮ ಪ್ರಾಂಶುಪಾಲರ ಒಂದು ಪತ್ರ ಬೇಕು. ಪತ್ರದ ಕರಡನ್ನು ಬರೆದು ಭೂಗೋಲ ವಿಭಾಗದ ಗುರುಗಳ ಕೈಯಲ್ಲಿ ಕೊಟ್ಟಿದ್ದೇನೆ. ನೋಡೋಣವೆಂದಿದ್ದಾರೆ.

ಬರುವ ಕಾರಹುಣ್ಣಿವೆಯ ಹೊತ್ತಿಗೆ ನಾನು ಈ ಕಾಲೇಜಿನಲ್ಲಿ ಇರುವದಿಲ್ಲ. ಪುಸ್ತಕ ಇನ್ನೂರು ಪುಟದ್ದು, ಹನ್ನೊಂದು ಪುಟ ತುಂಬಿವೆ. ಈ ಸಲ ಒಂದು ಪ್ರತಿ ಮಾಡಿ ಮಾಮಾನ ಮನೆಯ ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ, ಮೂಲವನ್ನು ನಮ್ಮ ಗ್ರಂಥಾಲಯದಲ್ಲಿ ಇಡಬೇಕೆಂದು ಕೇಳಿಕೊಂಡಿದ್ದೇನೆ. ಮೊದಲ ಎರಡನೆಯ ವರ್ಷದ ಮಿತ್ರರಲ್ಲಿ ಯಾರಾದರೂ ಬರುವದಿದ್ದರೆ ನನಗೆ ಮೊದಲೇ ತಿಳಿಸಬೇಕು. ಮಾಮಾನ ತೆಪ್ಪದಲ್ಲಿ ಇನ್ನಿಬ್ಬರಿಗೆ ಜಾಗವಿದೆ. ಹಿಂದಿನ ರಾತ್ರಿಯೇ ಬಂದು ಅವನ ಮನೆಯಲ್ಲಿ ಮಲಗಬೇಕು, ಏಕೆಂದರೆ ಮುಂಜಾನೆಯ ಮೊದಲ ಬಸ್ಸು ಬರುವ ಹೊತ್ತಿಗೆ ಬಲೆ ಎತ್ತಿ ಆಗಿರುತ್ತದೆ. ಈಜು ಬಾರದವರು ದಂಡೆಯ ಮೇಲೆ ಕೂತು ಬರೆಯಬಹುದು.